ಲೇಬಲ್ಲಿನ ಮೇಲೆ ಅಂಟಿಸಿದ ಹೆಸರು

ಲೀ, ಲ್ಯಾಂಕಶೈರ್
3 ಫೆಬ್ರವರಿ 2014

ಡೆರೆಕ್ ಆಸ್ಪಿನಾಲ್ ಅವರಿಗೆ,

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕರೆಂಟ್ ಬಿಲ್ಲೆಂದುಕೊಂಡು ಒಲೆಗೆ ಹಾಕಿಬಿಟ್ಟೀರಿ. ನಾನು ಜಾನಿಸ್, ನೆವಿಲ್ ಕ್ರಿಚ್ಲಿಯ ಹೆಂಡತಿ. ರಿಯಾಲ್ಟೊ ಡ್ಯಾನ್ಸ್ ಹಾಲಿನ ಬಾಗಿಲಲ್ಲಿ ಕೋಟು ತೆಗೆದುಕೊಂಡು ಚೀಟಿ ಕೊಡುತ್ತಿದ್ದ ಹುಡುಗಿ ನೆನಪಿದ್ದರೆ, ಅವಳೇ. ನೀವು ಪ್ರತಿ ಶನಿವಾರ ಚೀಟಿ ಕಳೆದುಕೊಂಡು ನನ್ನ ಕೈಲಿ ಬೈಸಿಕೊಳ್ಳುತ್ತಿದ್ದಿರಿ. ನಿಮ್ಮ ಅಕ್ಕ ಎಡ್ನಾ ಮಾರ್ಕೆಟ್ಟಿನಲ್ಲಿ ಸಿಕ್ಕು ಈ ವಿಳಾಸ ಕೊಟ್ಟರು. ಹಡಗಿನ ಎಂಜಿನ್ ಕೆಲಸದಿಂದ ನಿವೃತ್ತರಾಗಿ ಆರ್ಕ್ನಿ ದ್ವೀಪದಲ್ಲೇ ಉಳಿದುಬಿಟ್ಟಿದ್ದೀರಂತೆ. ಗಾಳಿಗೆ ಹೆದರದವರು ನೀವು.

ವಿಷಯಕ್ಕೆ ಬರುತ್ತೇನೆ. ನಮ್ಮ ಅಟ್ಟ ಸೋರುತ್ತಿದೆ. ಅಲ್ಲಿದ್ದದ್ದನ್ನೆಲ್ಲ ಇಳಿಸಬೇಕಾಯಿತು. ಹಳೆಯ ಪರದೆಗಳ ಅಡಿಯಲ್ಲಿ ನೆವ್‌ನ ರೆಕಾರ್ಡು ಪೆಟ್ಟಿಗೆ ಸಿಕ್ಕಿತು. ಮದುವೆಯಾದ ಮೇಲೆ ಅದನ್ನು ಅವನು ಒಮ್ಮೆಯೂ ತೆರೆದದ್ದು ನಾನು ನೋಡಿಲ್ಲ. ಯಾಕೆ ಎಂದು ಕೇಳಿದರೆ "ಕಾಲು ಮೊದಲಿನ ಹಾಗಿಲ್ಲ" ಅನ್ನುತ್ತಿದ್ದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಒಳಗೆ ನೂರಾ ನಲವತ್ತು ಪುಟ್ಟ ರೆಕಾರ್ಡುಗಳಿವೆ, ಎಲ್ಲ ನಿಮ್ಮ ನಾರ್ದರ್ನ್ ಸೋಲ್. ಅಮೆರಿಕದಲ್ಲಿ ನಾಯಿಯೂ ಕೇಳದೆ ಬಿಟ್ಟ ಹಾಡುಗಳಿಗೆ ಇಲ್ಲಿ ನೀವೆಲ್ಲ ಕಾಲು ಜಾರಲೆಂದು ನೆಲಕ್ಕೆ ಪೌಡರ್ ಚೆಲ್ಲಿಕೊಂಡು ಬೆಳಗಾಗುವವರೆಗೆ ಕುಣಿಯುತ್ತಿದ್ದಿರಲ್ಲ, ಅವೇ.

ಹರಾಜು ಮನೆಯಿಂದ ಒಬ್ಬಳನ್ನು ಕರೆಸಿದೆ. ಅವಳು ಒಂದೊಂದನ್ನೂ ತನ್ನ ದಪ್ಪ ಪುಸ್ತಕದಲ್ಲಿ ಹುಡುಕಿ ಗುರುತು ಹಾಕಿಕೊಂಡಳು. ಒಂದು ಮಾತ್ರ ಸಿಗಲಿಲ್ಲ. ಅದರ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿದೆ. ಕಾಗದದ ಮೇಲೆ ನೆವ್‌ನ ಅಕ್ಷರದಲ್ಲಿ "ಕ್ಲಾರಿಸ್ ಡ್ಯುಪ್ರೀ" ಎಂದಿದೆ. ಅಂಥ ಗಾಯಕಿ ಈ ಭೂಮಿಯ ಮೇಲೆ ಇರಲೇ ಇಲ್ಲ, ಯಾರೋ ತಮಗೆ ಬೇಕಾದವರ ಹೆಸರು ಬರೆದುಕೊಂಡಿರಬೇಕು ಎಂದಳು ಆಕೆ. ಕಾಗದದ ಒಂದು ಅಂಚು ಎದ್ದಿದೆ. ಎಳೆದರೆ ಬರುತ್ತದೆ. ಎಳೆಯಲು ನನಗೆ ಧೈರ್ಯ ಬರಲಿಲ್ಲ.

ಯಾಕೆಂದರೆ ಆ ಹೆಸರು ನನಗೆ ಹೊಸದಲ್ಲ. ಕಳೆದ ಬೇಸಿಗೆಯಿಂದ ನೆವ್ ಆ ಹೆಸರು ಹೇಳುತ್ತಿದ್ದಾನೆ. ಅರೆನಿದ್ದೆಯಲ್ಲಿ ಹೇಳುತ್ತಾನೆ, ಒಮ್ಮೊಮ್ಮೆ ಎಚ್ಚರದಲ್ಲೂ ಹೇಳುತ್ತಾನೆ. ಅವನನ್ನೇ ಕೇಳಬಾರದೇ ಅನ್ನುತ್ತೀರಿ. ಕೇಳಿದೆ, ಉತ್ತರ ಬರಲಿಲ್ಲ. ಅವನ ಕೈಗೆ ಈಗ ಪೆನ್ನು ಹಿಡಿಯಲಾಗುವುದಿಲ್ಲ, ಅದಕ್ಕೇ ನಾನು ಬರೆಯುತ್ತಿರುವುದು. ನೀವಿಬ್ಬರೂ ಆಗ ಒಂದೇ ಅಂಗಿಯಲ್ಲಿ ಎರಡು ತಲೆ ತೂರಿಸಿಕೊಂಡವರ ಹಾಗೆ ಇದ್ದಿರಿ. ಯಾಕೆ ದೂರವಾದಿರೋ ಅವನು ನನಗೆ ಹೇಳಲೇ ಇಲ್ಲ.

ಕ್ಲಾರಿಸ್ ಡ್ಯುಪ್ರೀ ಯಾರು? ಅಷ್ಟು ಹೇಳಿದರೆ ಸಾಕು.

ಜಾನಿಸ್ ಕ್ರಿಚ್ಲಿ


ಸ್ಟ್ರಾಮ್‌ನೆಸ್, ಆರ್ಕ್ನಿ
21 ಫೆಬ್ರವರಿ 2014

ಶ್ರೀಮತಿ ಕ್ರಿಚ್ಲಿ ಅವರಿಗೆ,

ಪತ್ರ ತಲುಪಿತು. ಹದಿನೈದು ದಿನ ಗಡಿಯಾರದ ಹಿಂದೆ ಇಟ್ಟಿದ್ದೆ.

ಕ್ಲಾರಿಸ್ ಯಾರೆಂದು ನಿಮ್ಮ ಗಂಡನಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನ ಹಾಗೆ ಹೆಂಡತಿಯ ಕೈಲಿ ಪತ್ರ ಬರೆಸುವುದು ಅವನ ಹಳೆಯ ಚಾಳಿಗೆ ತಕ್ಕದ್ದೇ. ಆ ಕಾಲದಲ್ಲಿ ನಾವಿಬ್ಬರೂ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆವು. ಒಂದು ಇಡೀ ಚಳಿಗಾಲ ನಮಗೆ ಅವಳ ಹೊರತು ಬೇರೆ ಮಾತೇ ಇರಲಿಲ್ಲ. ಕೊನೆಗೆ ಅವಳನ್ನು ಬೀದಿಪಾಲು ಮಾಡಿದವನು ನೆವಿಲ್. ಉಳಿದದ್ದನ್ನು ಅವನೇ ಹೇಳಲಿ. ಹೇಳಲು ಬಾಯಿ ಬಂದರೆ.

ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಚೀಟಿ ಕಳೆದುಕೊಂಡರೂ ನೀವು ಕೋಟು ಕೊಡುತ್ತಿದ್ದಿರಿ.

ಡಿ. ಆಸ್ಪಿನಾಲ್


ಲೀ
6 ಏಪ್ರಿಲ್ 2014

ಡೆರೆಕ್,

ಉತ್ತರ ಬರೆಯಬಾರದೆಂದಿದ್ದೆ. ಆರು ವಾರ ಹಲ್ಲು ಕಚ್ಚಿಕೊಂಡೂ ಇದ್ದೆ. ಇವತ್ತು ಆಗುತ್ತಿಲ್ಲ.

ನನ್ನ ಮೊದಲ ಪತ್ರದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೊರಗಿನವರ ಮುಂದೆ ಗಂಡನ ಮಾನ ಯಾಕೆ ಹರಾಜು ಹಾಕಬೇಕೆಂದು ಸುಮ್ಮನಿದ್ದೆ. ನೆವ್ ಮನೆಯಲ್ಲಿಲ್ಲ. ಕಳೆದ ಅಕ್ಟೋಬರಿನಿಂದ ವೃದ್ಧರ ಆರೈಕೆ ಮನೆಯಲ್ಲಿದ್ದಾನೆ. ಅವನ ತಲೆಯಿಂದ ಎಲ್ಲವೂ ಒಂದೊಂದಾಗಿ ಜಾರಿಹೋಯಿತು. ಮೊದಲು ಕಾರಿನ ಬೀಗದ ಕೈ, ಆಮೇಲೆ ಬೀದಿಯ ಹೆಸರು, ಆಮೇಲೆ ನಮ್ಮ ಮಗಳು ಷೀನಾ, ಕೊನೆಗೆ ನಾನು. ಅವನ ವಯಸ್ಸು ಅರವತ್ತೊಂದು. ಪಕ್ಕದ ಕುರ್ಚಿಯವರೆಲ್ಲ ತೊಂಬತ್ತರವರು, ಅವನನ್ನು ಹುಡುಗ ಎಂದು ಕರೆಯುತ್ತಾರೆ.

ಈಗ ಅವನ ಬಾಯಲ್ಲಿ ಉಳಿದಿರುವುದು ಒಂದೇ ಹೆಸರು. ನಾನು ಆಲೂಗಡ್ಡೆ ಹಿಸುಕಿ ಚಮಚದಲ್ಲಿ ಬಾಯಿಗಿಡುತ್ತೇನೆ, ಅವನು ನನ್ನ ಮುಖ ನೋಡಿಕೊಂಡು "ಕ್ಲಾರಿಸ್" ಅನ್ನುತ್ತಾನೆ. ಮೂವತ್ತೆಂಟು ವರ್ಷ ಅವನ ಅಂಗಿ ಒಗೆದವಳು ನಾನು.

ನಿಮ್ಮ ಪತ್ರ ಓದುವವರೆಗೆ ಮನಸ್ಸಿಗೆ ಏನೋ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಯಾರೋ ದೊಡ್ಡಮ್ಮ ಇರಬಹುದು, ಇಲ್ಲ ಸ್ಕೂಲಿನ ಟೀಚರ್ ಇರಬಹುದು ಎಂದು. "ಬೀದಿಪಾಲು ಮಾಡಿದ" ಎಂದು ನೀವು ಬರೆದಿರಿ. ಗಾಯದ ಮೇಲೆ ಉಪ್ಪು ಸುರಿದ ಹಾಗಾಯಿತು. ಯಾವ ಹುಡುಗಿಯನ್ನು, ಯಾವ ಸ್ಥಿತಿಯಲ್ಲಿ ಕೈಬಿಟ್ಟನೋ, ಮಗು ಏನಾದರೂ ಇತ್ತೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಷೀನಾಗೆ ಹೇಳಲೂ ನಾಚಿಕೆ.

ನಾನು ಈಗ ಮೂರು ವಾರದಿಂದ ಅವನನ್ನು ನೋಡಲು ಹೋಗಿಲ್ಲ. ಮೊಣಕಾಲು ನೋವೆಂದು ಅಲ್ಲಿಯವರಿಗೆ ಸುಳ್ಳು ಹೇಳಿದ್ದೇನೆ. ಅವರು ನಿನ್ನೆ ಫೋನ್ ಮಾಡಿ, ಅವನು ಊಟ ಬಿಡುತ್ತಿದ್ದಾನೆ, ನೀವಿದ್ದರೆ ನಾಲ್ಕು ಚಮಚವಾದರೂ ತಿನ್ನುತ್ತಿದ್ದ ಎಂದರು. ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಹೋಗಬೇಕೆಂದು ಕೋಟು ಹಾಕಿಕೊಂಡೆ, ಬಾಗಿಲವರೆಗೆ ಹೋಗಿ ಮತ್ತೆ ಬಿಚ್ಚಿಟ್ಟೆ.

ಅವಳು ಬದುಕಿದ್ದರೆ ಹೇಳಿ. ಅವನು ಕಣ್ಣು ಮುಚ್ಚುವ ಮೊದಲು ಒಮ್ಮೆ ಅವಳನ್ನು ಕರೆತರುತ್ತೇನೆ. ನನಗೆ ಎಷ್ಟು ಸಂಕಟವಾದರೂ ಸರಿ. ಅವನಿಗೆ ಬೇಕಾದವಳು ಅವಳೇ ಆದರೆ ಚಮಚವನ್ನು ಅವಳೇ ಹಿಡಿಯಲಿ.

ಜಾನಿಸ್


ಸ್ಟ್ರಾಮ್‌ನೆಸ್
10 ಏಪ್ರಿಲ್ 2014

ಜಾನಿಸ್,

ಪತ್ರ ಬಂದು ಒಂದು ಗಂಟೆಯಾಗಿಲ್ಲ. ಸಂಜೆಯ ಹಡಗಿಗೆ ಇದು ಹೋಗಬೇಕು, ಅದಕ್ಕೇ ಅಕ್ಷರ ಹೀಗಿದೆ.

ಕ್ಲಾರಿಸ್ ಡ್ಯುಪ್ರೀ ಎಂಬ ಹೆಂಗಸಿಲ್ಲ. ಯಾವತ್ತೂ ಇರಲಿಲ್ಲ. ಕ್ಲಾರಿಸ್ ನಮ್ಮಜ್ಜಿಯ ಬೆಕ್ಕು. ಡ್ಯುಪ್ರೀ ಅಜ್ಜಿಯ ಟೋಪಿ ಡಬ್ಬಿಯ ಮೇಲಿದ್ದ ಅಂಗಡಿಯ ಹೆಸರು. ಎರಡನ್ನೂ ಜೋಡಿಸಿದವರು ನಾನು ಮತ್ತು ನೆವ್, 1974ರ ನವೆಂಬರಿನಲ್ಲಿ, ಅಜ್ಜಿಯ ಅಡುಗೆಮನೆಯಲ್ಲಿ, ಹುರಿದ ಮೀನು ತಿನ್ನುತ್ತ. ನಗುತ್ತ ನೆವ್‌ಗೆ ಮೂಗಿನಿಂದ ಟೀ ಬಂತು. ನಿನ್ನ ಗಂಡ ನಿನಗೆ ಮೋಸ ಮಾಡಿಲ್ಲ. ಮೊದಲು ಇದನ್ನು ಓದಿ, ಕೋಟು ಹಾಕಿಕೊಂಡು ಅವನ ಹತ್ತಿರ ಹೋಗು. ಉಳಿದದ್ದನ್ನು ಬಂದು ಓದು.

ಉಳಿದದ್ದು ಇದು. ಬ್ಲ್ಯಾಕ್‌ಪೂಲಿನ ಕಡಲಂಚಿನ ಗುಜರಿ ಅಂಗಡಿಯಲ್ಲಿ, ಅಮೆರಿಕದಿಂದ ಬಂದ ಒದ್ದೆ ಪೆಟ್ಟಿಗೆಯೊಂದರ ತಳದಲ್ಲಿ ನನಗೆ ಒಂದು ರೆಕಾರ್ಡು ಸಿಕ್ಕಿತು. ಹಾಡಿದವಳು ಡೆಟ್ರಾಯಿಟ್ಟಿನ ಒಬ್ಬ ಹುಡುಗಿ, ಅದೊಂದೇ ಹಾಡು ಹಾಡಿ ಮಾಯವಾದವಳು. ಅಂಥ ಹಾಡು ಸಿಕ್ಕಾಗ ನಾವು ಮಾಡುತ್ತಿದ್ದದ್ದೇ ಅದು. ನಿಜವಾದ ಹೆಸರು ಕಾಣದಂತೆ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಬರೆಯುವುದು. ಬೇರೆ ಊರಿನ ಡ್ಯಾನ್ಸ್ ಹಾಲಿನವರಿಗೆ ಹೆಸರು ಗೊತ್ತಾದರೆ ಇನ್ನೊಂದು ಪ್ರತಿ ಹುಡುಕಿಬಿಡುತ್ತಾರಲ್ಲ. ಸುಳ್ಳು ಹೆಸರಿದ್ದರೆ ಜನ್ಮವಿಡೀ ಇಲ್ಲದವಳನ್ನು ಹುಡುಕುತ್ತಿರಲಿ. ನಿನ್ನ ಹರಾಜಿನವಳ ಪುಸ್ತಕದಲ್ಲಿ ಸಿಗದಿದ್ದುದು ಅದಕ್ಕೇ. ಐದು ತಿಂಗಳು ಆ ಹಾಡಿಗಾಗಿ ಲೀಡ್ಸಿನಿಂದ, ಡರ್ಬಿಯಿಂದ ರಿಯಾಲ್ಟೊಗೆ ಬಸ್ಸು ತುಂಬಿ ಬಂದರು. ರೆಕಾರ್ಡು ಹುಡುಕಿದವನು ನಾನು, ಹಾಕುತ್ತಿದ್ದವನು ನೆವ್. ನಿಜವಾದ ಹೆಸರು ನಮ್ಮಿಬ್ಬರಿಗೇ ಗೊತ್ತಿತ್ತು. ಸಾಯುವವರೆಗೂ ಹೇಳುವುದಿಲ್ಲವೆಂದು ಕೈ ಮೇಲೆ ಕೈ ಇಟ್ಟಿದ್ದೆವು. ಇಪ್ಪತ್ತೆರಡು ವರ್ಷದ ಹುಡುಗರು, ಹೊಟ್ಟೆಗಿಲ್ಲದಿದ್ದರೂ ಅದೇ ನಮಗೆ ದೊಡ್ಡ ಆಸ್ತಿ.

1975ರ ಏಪ್ರಿಲಿನಲ್ಲಿ ಸ್ಟೋಕ್‌ನ ರಾಯ್ ಟನಿಕ್ಲಿಫ್ ಅದೇ ಹಾಡನ್ನು ಅದರ ನಿಜವಾದ ಹೆಸರು ಹೇಳಿ ಹಾಕಿದ. ತಿಂಗಳೊಳಗೆ ಕಳ್ಳ ಪ್ರತಿಗಳು ಊರೂರ ಡ್ಯಾನ್ಸ್ ಹಾಲಿನ ಬಾಗಿಲಲ್ಲಿ ಕಡಲೆಕಾಯಿಯ ಹಾಗೆ ಮಾರಾಟಕ್ಕೆ ಬಂದವು. ನಾನು ನೆವ್‌ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದೆ.

"ನಾನ್ ಹೇಳಿಲ್ಲ ಕಣೋ" ಅಂದ.

"ಹಂಗಾದ್ರೆ ಯಾರ್ ಹೇಳಿದ್ರು? ಅಜ್ಜಿ ಬೆಕ್ಕಾ?"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಆ ಮುಚ್ಚಿದ ಬಾಯನ್ನೇ ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಗುಟ್ಟು ಬಾಯಿಂದ ಹೋಗಿರದಿದ್ದರೆ ಇನ್ನೊಂದೇ ದಾರಿ. ರೆಕಾರ್ಡಿನಲ್ಲಿ ಲೇಬಲ್ಲಿನ ಪಕ್ಕ, ಕಪ್ಪು ಮೈಯ ಮೇಲೇ ಒಂದು ನಂಬರು ಗೀರಿರುತ್ತದೆ. ಕಾಗದ ಅದನ್ನು ಮುಚ್ಚುವುದಿಲ್ಲ. ಆ ನಂಬರು ಸಿಕ್ಕರೆ ಕಂಪನಿ ಸಿಗುತ್ತದೆ, ಕಂಪನಿ ಸಿಕ್ಕರೆ ಹೆಸರು ಸಿಗುತ್ತದೆ. ಆದರೆ ಅದಕ್ಕೆ ಯಾರಾದರೂ ರೆಕಾರ್ಡನ್ನು ಕೈಯಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಬೇಕು. ನಮ್ಮಿಬ್ಬರ ಹೊರತು ಯಾರೂ ಅದನ್ನು ಮುಟ್ಟಿರಲಿಲ್ಲ. ಅದಕ್ಕೇ ಅವನೇ ಮಾರಿಕೊಂಡ ಎಂದು ತೀರ್ಮಾನಿಸಿದೆ. ಆಮೇಲೆ ಆರ್ಕ್ನಿಗೆ ಬಂದೆ. ಅವನು ಐದು ಪತ್ರ ಬರೆದ. ಒಂದನ್ನೂ ಒಡೆಯಲಿಲ್ಲ.

ಫೆಬ್ರವರಿಯಲ್ಲಿ ನಿನಗೆ ಹಾಗೆ ಬರೆದೆನಲ್ಲ, ನೀನು ತಪ್ಪು ತಿಳಿಯಬಹುದೆಂದು ನನಗೆ ಗೊತ್ತಿತ್ತು. ತಿಳಿದುಕೊಳ್ಳಲಿ, ಅವನ ಮನೆಯಲ್ಲೂ ಒಂದು ವಾರ ಬೆಂಕಿ ಬೀಳಲಿ ಎಂದೇ ಬರೆದೆ. ಅವನು ಎದುರಿಗೇ ಇದ್ದಾನೆ, ಎರಡು ಮಾತಲ್ಲಿ ಬಿಡಿಸಿ ಹೇಳುತ್ತಾನೆ, ಅಷ್ಟೇ ಎಂದುಕೊಂಡಿದ್ದೆ. ಅವನ ಬಾಯಲ್ಲಿ ಮಾತೇ ಉಳಿದಿಲ್ಲವೆಂದು ನನಗೇನು ಗೊತ್ತು. ಇದನ್ನು ನಾನು ಸಮರ್ಥನೆಗೆ ಹೇಳುತ್ತಿಲ್ಲ. ಮಾಡಬಾರದ್ದನ್ನು ಮಾಡಿದೆ.

ಹೋಗು. ಆ ರೆಕಾರ್ಡು ಒಮ್ಮೆ ಅವನಿಗೆ ಕೇಳಿಸು. ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಗುಟ್ಟು ಅದು, ಆದರೂ ಕೈ ಓಡುತ್ತಿಲ್ಲ.

ಡೆರೆಕ್


ಲೀ
24 ಏಪ್ರಿಲ್ 2014

ಡೆರೆಕ್,

ನೆವ್ ಈಸ್ಟರ್ ಸೋಮವಾರ ಬೆಳಿಗ್ಗೆ ಹೋಗಿಬಿಟ್ಟ. ನಾನೂ ಷೀನಾನೂ ಪಕ್ಕದಲ್ಲಿದ್ದೆವು. ಕಷ್ಟಪಡಲಿಲ್ಲ. ಮೇ ಎರಡು, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಚಿತಾಗಾರದಲ್ಲಿ ಕಾರ್ಯ.

ನಿನ್ನ ಪತ್ರ ಹದಿನಾಲ್ಕನೇ ತಾರೀಕು ಬಂತು. ನೀನು ಹೇಳಿದ ಹಾಗೇ ಮಾಡಿದೆ, ಅರ್ಧ ಓದಿ ಕೋಟು ಹಾಕಿಕೊಂಡೆ. ಬಸ್ಸಿನಲ್ಲಿ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಏನಾಯಿತೆಂದು ಕೇಳಿದಳು. ಒಂದು ಬೆಕ್ಕಿನ ಮೇಲೆ ಹೊಟ್ಟೆಕಿಚ್ಚುಪಟ್ಟು ಒಂದು ತಿಂಗಳು ಗಂಡನನ್ನು ಬಿಟ್ಟಿದ್ದೆ ಎಂದೆ. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ನನಗೇ ತೋಚಿ ಷೀನಾಳ ಮಗಳ ಪುಟ್ಟ ಪ್ಲೇಯರನ್ನೂ ರೆಕಾರ್ಡನ್ನೂ ಚೀಲದಲ್ಲಿ ಒಯ್ದಿದ್ದೆ. ಅವನು ತುಂಬಾ ಇಳಿದುಹೋಗಿದ್ದ. ಆ ನಾಲ್ಕು ವಾರ ನನ್ನದು, ಡೆರೆಕ್. ಅರ್ಧ ನಿನ್ನದಿರಬಹುದು, ಆದರೆ ಬಸ್ಸು ಹತ್ತದೆ ಇದ್ದವಳು ನಾನು. ಹಾಡು ಹಾಕಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಅವನು ಎದ್ದು ಕುಣಿಯಲಿಲ್ಲ. ಕಣ್ಣೀರೂ ಹಾಕಲಿಲ್ಲ. ಗೋಡೆ ನೋಡುತ್ತ ಕೂತಿದ್ದ. ಹಾಡು ಮುಗಿದ ಮೇಲೆ ನಾನು ರೆಕಾರ್ಡನ್ನು ಎತ್ತಿಕೊಂಡು, ಯಾರು ಈ ಹುಡುಗಿ ಎಂದು ಕೇಳಿ, ಕಾಗದದ ಎದ್ದ ಅಂಚಿಗೆ ಉಗುರು ಹಾಕಿದೆ.

ಆಗ ಅವನ ಕೈ ಬಂತು. ಚಮಚ ಹಿಡಿಯಲಾಗದ ಕೈ. ಬಂದು ಲೇಬಲ್ಲಿನ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿಯಿತು.

"ಬೇಡ" ಅಂದ. "ಡೆರೆಕ್‌ಗೆ ಮಾತು ಕೊಟ್ಟಿದೀನಿ."

ನನ್ನ ಹೆಸರು, ಮಗಳ ಹೆಸರು ಯಾವುದೂ ಇಲ್ಲದ ಆ ತಲೆಯಲ್ಲಿ ಅದೊಂದು ಉಳಿದಿತ್ತು. ಅವನು ಹೇಳಿರಲಿಲ್ಲ, ಡೆರೆಕ್. ಸ್ವಂತ ಹೆಂಡತಿಗೂ ಹೇಳಲಿಲ್ಲ, ಬುದ್ಧಿ ಹೋದ ಮೇಲೂ ಹೇಳಲಿಲ್ಲ.

ಮನೆಗೆ ಬಂದು ನಿನ್ನ ಪತ್ರದ ಉಳಿದರ್ಧ ಓದಿದೆ. ಆ ನಂಬರಿನ ವಿಷಯವನ್ನು ಎರಡು ಸಲ ಓದಿದೆ.

ರೆಕಾರ್ಡು ಪೆಟ್ಟಿಗೆಯನ್ನು ನೆವ್ ನನ್ನ ಕೋಟಿನ ಗೂಡಿನಲ್ಲಿ ಕೌಂಟರಿನ ಕೆಳಗೆ ಇಡುತ್ತಿದ್ದ, ನೆನಪಿದೆಯೇ? ಅಲ್ಲಿ ಯಾರೂ ಮುಟ್ಟುವುದಿಲ್ಲ, ಜಾನಿಸ್ ಕಾವಲು ನಾಯಿಗಿಂತ ಗಟ್ಟಿ ಎಂದು ನೀನೇ ಅಣಕಿಸುತ್ತಿದ್ದೆ. ಆ ವರ್ಷ ಮಾರ್ಚ್ ತಿಂಗಳಿನ ಒಂದು ಶನಿವಾರ ಕಂದು ಸೂಟಿನವನೊಬ್ಬ ಕೋಟು ಕೊಡಲು ಬಂದ. ನಯವಾದ ಮಾತು, ಟಾಫಿ ಕೊಟ್ಟ. ಕ್ಲಬ್ಬಿಗೆ ಬಂದು ಗೂಡಿನಲ್ಲಿ ಕೂತ ಪಾಪದ ಹುಡುಗಿಯೇ ಎಂದ. ನೆವ್ ಹಾಕುವ ಆ ಹೊಸ ಹಾಡಿನ ರೆಕಾರ್ಡು ಒಮ್ಮೆ ನೋಡಬಹುದೇ, ಲೇಬಲ್ ಬಿಚ್ಚುವುದಿಲ್ಲ, ಸುಮ್ಮನೆ ಕೈಲಿ ಹಿಡಿದು ಕೊಡುತ್ತೇನೆ ಎಂದು ಕೇಳಿದ. ಲೇಬಲ್ ಮುಚ್ಚಿದೆಯಲ್ಲ, ನೋಡಿದರೆ ಏನು ಹೋಯಿತು ಎಂದು ಕೊಟ್ಟೆ. ಅವನು ಅದನ್ನು ದೀಪದ ಕೆಳಗೆ ಓರೆಮಾಡಿ ನೋಡಿ, ಸಿಗರೇಟು ಪ್ಯಾಕಿನ ಮೇಲೆ ಏನೋ ಗೀಚಿಕೊಂಡ. ಅಷ್ಟೇ. ಹೆಸರಿನ ಕಡೆ ನಾನು ನೋಡಲೂ ಇಲ್ಲ. ಕೋಟು ಕಾಯುವವಳಿಗೆ ಹಾಡಿನ ಹೆಸರು ಯಾಕೆ ಬೇಕು?

ಮಾರನೆಯ ಬೆಳಿಗ್ಗೆ ಮನೆಗೆ ನಡೆಯುತ್ತ ನೆವ್‌ಗೆ ಹೇಳಿದೆ. ಸ್ಟೋಕ್ ಕಡೆಯ ಚೆಲುವನೊಬ್ಬ ಟಾಫಿ ಕೊಟ್ಟ, ನಿನ್ನ ರೆಕಾರ್ಡನ್ನೂ ನೋಡಿದ ಎಂದು, ಅವನನ್ನು ಕೆಣಕಲೆಂದೇ ಹೇಳಿದೆ. ಅವನು ನಡುದಾರಿಯಲ್ಲಿ ನಿಂತುಬಿಟ್ಟ. ಮುಖ ಸುಣ್ಣವಾಯಿತು. "ಇದನ್ನ ಯಾರಿಗೂ ಹೇಳ್ಬೇಡ ಜಾನ್, ಡೆರೆಕ್‌ಗಂತೂ ಹೇಳಲೇಬೇಡ" ಅಂದ.

ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ನನ್ನ ಮೇಲೆ ಅಷ್ಟು ಆಸೆಯಿದೆ, ಸ್ನೇಹಿತನ ಮುಂದೆ ತೋರಿಸಿಕೊಳ್ಳಲು ನಾಚಿಕೆ ಎಂದುಕೊಂಡೆ. ಆ ಮಾತನ್ನು ನೆನೆದುಕೊಂಡು ಮೂವತ್ತೊಂಬತ್ತು ವರ್ಷ ಒಳಗೊಳಗೇ ಖುಷಿಪಟ್ಟಿದ್ದೇನೆ.

ಬಸ್ ಸ್ಟ್ಯಾಂಡಿನಲ್ಲಿ ಅವನು ಬಾಯಿ ಮುಚ್ಚಿಕೊಂಡದ್ದು ನನ್ನ ಹೆಸರು ಹೇಳಬಾರದೆಂದು. ಹೇಳಿದ್ದರೆ ನೀನು ಉಳಿಯುತ್ತಿದ್ದೆ. ನನ್ನ ಎದುರಿಗೂ ಒಂದು ದಿನ ಆಡಿ ತೋರಿಸಲಿಲ್ಲ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ, ಅಷ್ಟೇ.

ಇದನ್ನು ಬರೆಯದೆಯೂ ಇರಬಹುದಿತ್ತು. ಹೇಳಬಲ್ಲವನು ಈಗಿಲ್ಲ. ಆದರೆ ಅವನ ಮೇಲೆ ಕಳ್ಳನ ಹೆಸರು ಇಟ್ಟುಕೊಂಡು ಅವನನ್ನು ಕಳಿಸಲಾರೆ. ಬೈಯುವುದಿದ್ದರೆ ನನ್ನನ್ನು ಬೈ. ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ರೆಕಾರ್ಡು ನಿನ್ನದು, ಬೇಕಾದರೆ ಕಳಿಸುತ್ತೇನೆ.

ಜಾನಿಸ್


ಸ್ಟ್ರಾಮ್‌ನೆಸ್
6 ಮೇ 2014

ಜಾನಿಸ್,

ನಾನು ಬಂದಿದ್ದೆ. ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ. ನೀನು ನೋಡಲಿಲ್ಲ, ನೋಡದಿರಲಿ ಎಂದೇ ಅಲ್ಲಿ ಕೂತಿದ್ದೆ. ನೀನೂ ನಿನ್ನ ಮಗಳೂ ಬಾಗಿಲಲ್ಲಿ ನಿಂತು ಎಲ್ಲರ ಕೈ ಹಿಡಿಯುತ್ತಿದ್ದಿರಿ. ನನ್ನ ಕೈ ಮುಂದೆ ಬರಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಟು ಆ ಬಸ್ ಸ್ಟ್ಯಾಂಡಿಗೆ ಹೋಗಿ, ಒಂದು ಗಂಟೆ ಕೂತು, ಅಲ್ಲಿಂದ ಹೊರಟೆ. ಹೆದರಿದವನು ಮಾಡುವ ಕೆಲಸ. ನನಗೆ ಅಭ್ಯಾಸವಿದೆ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎಂದು ಅಜ್ಜಿ ಹೇಳುತ್ತಿದ್ದಳು. ನೀನು ಒಂದು ನಂಬರು ಕೊಟ್ಟೆ, ಹತ್ತೊಂಬತ್ತು ವರ್ಷದವಳು, ಏನೆಂದು ತಿಳಿಯದೆ. ನಾನು ತಿಳಿದೂ ತಿಳಿದೂ ಐದು ಪತ್ರ ಒಡೆಯದೆ ಇಟ್ಟೆ. ಮೊನ್ನೆ ಬಂದ ಮೇಲೆ ಒಡೆದೆ. ನಾಲ್ಕರಲ್ಲಿ ಹವಾಮಾನ, ಫುಟ್‌ಬಾಲು, ನಿಮ್ಮ ಮದುವೆ, ಷೀನಾ ಹುಟ್ಟಿದ್ದು. ಐದನೆಯದರಲ್ಲಿ ಒಂದೇ ಸಾಲು, "ಬಾರೋ, ಅಜ್ಜಿಯ ಬೆಕ್ಕು ಮರಿ ಹಾಕಿದೆ". ನಿನ್ನ ಹೆಸರು ಅದರಲ್ಲೂ ಎತ್ತಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ಒಬ್ಬನಿಗೇ ಬೇಕಾಗಿದೆ.

ಒಂದು ವಿಷಯ ನಿನಗೆ ಕಂಡಿರಲಿಕ್ಕಿಲ್ಲ, ನೀನು ಮುಂದಿನ ಸಾಲಿನಲ್ಲಿದ್ದೆ. ಹಾಡು ಹಾಕುವ ಮುಂಚೆ ಪಾದ್ರಿ ಕಾಗದ ನೋಡಿಕೊಂಡು "ಈಗ ಕ್ಲಾರಿಸ್ ಡ್ಯುಪ್ರೀ ಅವರ ಹಾಡು" ಎಂದರು. ನನ್ನ ಎದುರಿನ ಸಾಲಿನಲ್ಲಿ ಆ ಕಾಲದ ಹಳೆಯ ಮುಖಗಳು ನಾಲ್ಕಿದ್ದವು. ಅದರಲ್ಲಿ ಒಂದು ರಾಯ್ ಟನಿಕ್ಲಿಫ್, ಊರುಗೋಲು ಹಿಡಿದುಕೊಂಡು. ಆ ನಾಲ್ವರಿಗೂ ನಿಜವಾದ ಹೆಸರು ಮೂವತ್ತೊಂಬತ್ತು ವರ್ಷದಿಂದ ಗೊತ್ತು. ಈ ಪಂಗಡದವರ ಬುದ್ಧಿ ನಿನಗೆ ಗೊತ್ತಲ್ಲ, ಹೆಸರು ತಪ್ಪಾದರೆ ಹೆಣವೂ ಎದ್ದು ಕೂತು ತಿದ್ದುತ್ತದೆ. ಯಾರೂ ತಿದ್ದಲಿಲ್ಲ. ರಾಯ್ ತಲೆ ತಗ್ಗಿಸಿದ. ಹಾಡು ಮುಗಿಯುವವರೆಗೆ ನಾಲ್ವರ ಹಿಮ್ಮಡಿಯೂ ನೆಲ ತಟ್ಟುತ್ತಿತ್ತು, ಸದ್ದಾಗದ ಹಾಗೆ.

ನಾನು ಅಲ್ಲಿ ಕೂತು ಅತ್ತೆ, ಜಾನಿಸ್. ಅವನು ಬದುಕಿದ್ದಾಗ ಒಂದು ಸಲ ಬಂದು ಅಳಬೇಕಿತ್ತು.

ರೆಕಾರ್ಡು ಕಳಿಸಬೇಡ. ಅದು ನಿನ್ನ ಮನೆಯಲ್ಲೇ ಇರಲಿ, ಹರಾಜಿಗೆ ಹಾಕಬೇಡ. ಸೆಪ್ಟೆಂಬರಿನಲ್ಲಿ ಅಕ್ಕನನ್ನು ನೋಡಲು ಬರುತ್ತೇನೆ, ನೀನು ಬಾಗಿಲು ತೆಗೆದರೆ ಒಂದು ಸಲ ಕೇಳಿ ಹೋಗುತ್ತೇನೆ. ಚೀಟಿ ಇಲ್ಲದೆ ಬರುವವನು, ಬೈದು ಒಳಗೆ ಬಿಡು.

ಕಾಗದದ ಅಂಚು ಎದ್ದಿದೆ ಎಂದು ಬರೆದಿದ್ದೆಯಲ್ಲ. ಸ್ವಲ್ಪ ಗೋಂದು ಹಚ್ಚಿ ಒತ್ತಿಬಿಡು.

ಡೆರೆಕ್